ಕಾಟಾದ ರೀಡಿಂಗ್ ಬೂಟ್ ಆದ ಐದೇ ನಿಮಿಷಕ್ಕೆ ನಿಲ್ಲುತ್ತದೆ: ಕರ್ನಲ್ ಡ್ರೈವರ್ ಗೊತ್ತಿದ್ದವರು ಸ್ವಲ್ಪ ನೋಡ್ರೀ

ಕಾಟಾ ಹುಡುಗ:
ಎಲ್ಲರಿಗೂ ನಮಸ್ಕಾರ. ಮಹಾಲಿಂಗಪುರದ ಹತ್ತಿರ ಗಾಡಿ ತೂಗುವ ಒಂದು ಕಾಟಾದಲ್ಲಿ (ವೇಬ್ರಿಜ್) ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನನ್ನದು. ಕಬ್ಬಿನ ಟ್ರ್ಯಾಕ್ಟರ್, ಬೆಲ್ಲದ ಗಾಡಿ, ಗೋವಿನಜೋಳದ ಲಾರಿ ಎಲ್ಲ ನಮ್ಮ ಕಾಟಾದ ಮೇಲೆಯೇ ಹತ್ತಿ ಇಳಿಯುತ್ತವೆ.

ಹೋದ ತಿಂಗಳು ಹಳೇ ಪಿಸಿ ಸುಟ್ಟುಹೋಯಿತು. ಸೋವಿಯಲ್ಲಿ ಸಿಕ್ಕಿತು ಎಂದು ಸಾವ್ಕಾರ್ರು ಒಂದು ಚಿಕ್ಕ ಬೋರ್ಡ್ ತಂದುಕೊಟ್ಟರು. 32 ಬಿಟ್ ಆರ್ಮ್ ಪ್ರೊಸೆಸರ್, ಮೇಲೆ ಲಿನಕ್ಸ್. ತೂಕದ ಇಂಡಿಕೇಟರ್‌ಗೂ ಬೋರ್ಡಿಗೂ ನಡುವೆ ಒಂದು ಯುಎಸ್‌ಬಿ ಡಬ್ಬಿ ಇದೆ. ಅದನ್ನು ಓಡಿಸುವ ಡ್ರೈವರ್ ಲಿನಕ್ಸ್‌ನ ತಿರುಳಾದ ಕರ್ನಲ್ ಜೊತೆಗೇ ಬರುತ್ತದೆ, ಭಾಳ ಹಳೇದು. ನಮ್ಮ ಪ್ರೋಗ್ರಾಮ್ ಸೆಕೆಂಡಿಗೊಮ್ಮೆ ತೂಕ ಓದುತ್ತದೆ.

ಬೂಟ್ ಆದ ಮೇಲೆ ಐದು ನಿಮಿಷ ಎಲ್ಲ ಸರಿ. ಆಮೇಲೆ ತೂಕ ಅಲ್ಲೇ ನಿಲ್ಲುತ್ತದೆ. ಗಾಡಿ ಇಳಿದು ಹೋಗಿ ಎಷ್ಟೋ ಹೊತ್ತಾದರೂ ಪರದೆಯಲ್ಲಿ 18,460 ಕೆಜಿ ಹಾಗೇ ಕೂತಿರುತ್ತದೆ. ಕರ್ನಲ್ ಸಂದೇಶ ಬರೆಯುವ ಡಿಮೆಸೇಜ್ ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಡ್ರೈವರ್ ಮಾಡ್ಯೂಲ್ ತೆಗೆದು ಮತ್ತೆ ಹಾಕಿದರೆ ದಿನವಿಡೀ ಓಡುತ್ತದೆ. ಕರೆಂಟ್ ಹೋಗಿ ಬಂತೋ, ಮತ್ತೆ ಐದು ನಿಮಿಷದ ಕಥೆ. ಅದೇ ಡಬ್ಬಿಯನ್ನು ನನ್ನ ಲ್ಯಾಪ್‌ಟಾಪ್‌ಗೆ ಹಾಕಿದರೆ ಏನೂ ಆಗುವುದಿಲ್ಲ.

ಹೊರಗೆ ಟ್ರ್ಯಾಕ್ಟರ್ ಸಾಲು, ಒಂದೊಂದರಲ್ಲೂ ಒಂದೊಂದು ಹಾಡು. ಒಳಗೆ ನಾನು. ತೂಕ ನಿಂತಿದ್ದು ಕಂಡರೆ ರೈತರು ಸುಮ್ಮನೆ ಬಿಡುತ್ತಾರಾ?

ದ್ರಾಕ್ಷಿ ಮಾವ:
ಅಡಾಪ್ಟರ್ ಬದಲಾಯಿಸು ತಮ್ಮಾ. ನೂರಕ್ಕೆ ತೊಂಬತ್ತು ಸಲ ಅಡಾಪ್ಟರೇ. ತಿಕೋಟಾ ಕಡೆ ನಮ್ಮ ಒಣದ್ರಾಕ್ಷಿ ಶೆಡ್‌ನಲ್ಲಿ ಉಷ್ಣಾಂಶ ಬರೆದುಕೊಳ್ಳುವ ಯಂತ್ರ ಹೀಗೇ ನಿಲ್ಲುತ್ತಿತ್ತು. ಮೂರು ವಾರ ಸಾಫ್ಟ್‌ವೇರ್ ಬೈದೆವು. ಕೊನೆಗೆ ನೋಡಿದರೆ ಅರ್ಥಿಂಗ್ ತಂತಿ ಸಡಿಲ.

ರೊಟ್ಟಿ 404:
ಯುಎಸ್‌ಬಿ ನಿದ್ದೆಗೆ ಹೋಗುತ್ತಿರಬಹುದು. ಆಟೊಸಸ್ಪೆಂಡ್ ಆಫ್ ಮಾಡಿ ನೋಡಣ್ಣ. ಐದು ನಿಮಿಷಕ್ಕೆ ನಿದ್ದೆ ಬರುವುದು ನಮ್ಮ ಓಎಸ್ ಕ್ಲಾಸಿನಲ್ಲೂ ಇದೆ.

ಕಾಟಾ ಹುಡುಗ:
ಮಾವಾ, ಅಡಾಪ್ಟರ್ ಎರಡು ಬದಲಾಯಿಸಿದೆ. ಆಟೊಸಸ್ಪೆಂಡೂ ಆಫ್. ಏನೂ ಪ್ರಯೋಜನ ಆಗಲಿಲ್ಲ.

ಇಳಕಲ್ ಅಕ್ಕ:
ಐದು ನಿಮಿಷ ಅಂದರೆ ಅಂದಾಜಾ, ಸರಿಯಾಗಿ ಐದಾ? ಬೂಟ್ ಆಗಿ ಎಷ್ಟು ಹೊತ್ತಾಯಿತು ಎಂದು ತೋರಿಸುವ ಅಪ್‌ಟೈಮ್ ಪಕ್ಕದಲ್ಲಿ ಇಟ್ಟುಕೊಂಡು ನೋಡು. ಸುಮ್ನೆ ಊಹೆ ಮಾಡುವುದಕ್ಕಿಂತ ಅದು ವಾಸಿ.

ಕಾಟಾ ಹುಡುಗ:
ಅಕ್ಕಾರ, ಊಟ ಬಿಟ್ಟು ಕೂತು ನೋಡಿದೆ. ಹನ್ನೊಂದು ಸಲ ರೀಬೂಟ್ ಮಾಡಿದೆ. ಹತ್ತು ಸಲ ಅಪ್‌ಟೈಮ್ 299 ಇಲ್ಲ 300 ಸೆಕೆಂಡ್ ಇದ್ದಾಗ ನಿಂತಿತು. ಒಂದು ಸಲ ಮಾತ್ರ ನಿಲ್ಲಲೇ ಇಲ್ಲ, ಸಂಜೆಯವರೆಗೆ ಓಡಿತು. ಅದು ಯಾಕೆ ಅಂತ ಇನ್ನೂ ತಲೆ ಕೆಡುತ್ತಿದೆ.

ಟಿಳಕವಾಡಿ ಟರ್ಮಿನಲ್:
ಅಡಾಪ್ಟರ್‌ಗೆ ಗಡಿಯಾರ ನೋಡಲು ಬರುವುದಿಲ್ಲ. ಸರಿಯಾಗಿ 300 ಸೆಕೆಂಡ್, ಅದೂ 32 ಬಿಟ್ ಯಂತ್ರದಲ್ಲಿ ಮಾತ್ರ ಎಂದರೆ ಒಂದೇ ಉತ್ತರ. ಜಿಫೀಸ್.

ಕರ್ನಲ್ ಒಳಗೆ ಜಿಫೀಸ್ ಎಂಬ ಒಂದು ಎಣಿಕೆ ಇದೆ. ಟೈಮರ್ ಒಂದು ಸಲ ಟಿಕ್ ಅಂದರೆ ಒಂದು ಹೆಚ್ಚುತ್ತದೆ. ನಿಮ್ಮ ಬೋರ್ಡಿನಲ್ಲಿ ಸೆಕೆಂಡಿಗೆ 100 ಟಿಕ್ ಎಂದುಕೊಳ್ಳೋಣ. 32 ಬಿಟ್‌ನಲ್ಲಿ ಅದು ಸುಮಾರು 429 ಕೋಟಿವರೆಗೆ ಹೋಗಿ ಮತ್ತೆ ಸೊನ್ನೆಗೆ ಬೀಳುತ್ತದೆ. ಲೆಕ್ಕ ಹಾಕಿದರೆ 497 ದಿನ. ಸೆಕೆಂಡಿಗೆ 1000 ಟಿಕ್ ಇದ್ದರೆ 49.7 ದಿನ.

497 ದಿನಕ್ಕೊಮ್ಮೆ ಬರುವ ತಪ್ಪನ್ನು ಯಾರು ಹಿಡಿಯುತ್ತಾರೆ? ಅದಕ್ಕೇ ಕರ್ನಲ್ ಬರೆದವರು ಒಂದು ಕಿತಾಪತಿ ಮಾಡಿದ್ದಾರೆ. ಎಣಿಕೆಯನ್ನು ಸೊನ್ನೆಯಿಂದ ಶುರು ಮಾಡುವುದೇ ಇಲ್ಲ. ಸೊನ್ನೆಗೆ ಬೀಳಲು ಇನ್ನು 300 ಸೆಕೆಂಡ್ ಇರುವಾಗಿನ ಅಂಕಿಯಿಂದ ಶುರು ಮಾಡುತ್ತಾರೆ. ಜಿಫೀಸ್ ಹೆಡರ್ ಫೈಲ್ ತೆಗೆದು ಇನಿಷಿಯಲ್_ಜಿಫೀಸ್ ಹುಡುಕಿ. ಈ ತರದ ತಪ್ಪು ಬೇಗ ಹೊರಗೆ ಬರಲಿ ಎಂದೇ ಹೀಗೆ ಮಾಡಿದ್ದು ಎಂದು ಅಲ್ಲೇ ಬರೆದಿದ್ದಾರೆ.

64 ಬಿಟ್ ಲ್ಯಾಪ್‌ಟಾಪ್‌ನಲ್ಲೂ ಅದೇ ಅಂಕಿಯಿಂದ ಶುರು. ಆದರೆ ಅಲ್ಲಿ ಮೇಲೆ ಇನ್ನೂ 32 ಬಿಟ್ ಖಾಲಿ ಇರುತ್ತವೆ. ಎಣಿಕೆ ಸೊನ್ನೆಗೆ ಬೀಳದೆ ಮುಂದಕ್ಕೆ ಹೋಗುತ್ತದೆ. ನಿಮ್ಮ ಲ್ಯಾಪ್‌ಟಾಪ್ ಸುಮ್ಮನಿರುವುದು ಅದಕ್ಕೇ.

ಡ್ರೈವರ್ ಕೋಡ್‌ನಲ್ಲಿ ಜಿಫೀಸ್ ಎಲ್ಲೆಲ್ಲಿದೆ, ಹುಡುಕಿ ಹಾಕಿ.

ಕಾಟಾ ಹುಡುಗ:
ಸರ್, ಕೈ ನಡುಗುತ್ತಿದೆ. ಎರಡೇ ಕಡೆ ಇದೆ. ಓದುವ ಫಂಕ್ಷನ್ ಒಳಗೆ ಮೊದಲು:

ಇಫ್ (ಜಿಫೀಸ್ < ನೆಕ್ಸ್ಟ್_ಪೋಲ್) ರಿಟರ್ನ್ ಹಳೇ_ತೂಕ;

ಆಮೇಲೆ ಡಬ್ಬಿಯಿಂದ ಹೊಸ ತೂಕ ತಂದು:

ನೆಕ್ಸ್ಟ್_ಪೋಲ್ = ಜಿಫೀಸ್ + ಎಚ್‌ಝಡ್/10;

ಎಚ್‌ಝಡ್ ಅಂದರೆ ಸೆಕೆಂಡಿಗೆ ಎಷ್ಟು ಟಿಕ್ ಅನ್ನುವ ಸಂಖ್ಯೆ. ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ಬೇಗ ಕೇಳಿದರೆ ಹಳೇದನ್ನೇ ಕೊಡು ಅಂತ, ಅಲ್ವಾ?
(ಕೋಡನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಗುಂಪಿನ ನಿಯಮ. ಕಂಪೈಲ್ ಆಗಲ್ಲ ಅಂತ ಯಾರೂ ಬೈಯಬೇಡಿ.)

ಟಿಳಕವಾಡಿ ಟರ್ಮಿನಲ್:
ಸಿಕ್ಕಿತು ನೋಡಿ. ಆ ಕಿರಿದು ಚಿಹ್ನೆಯೇ ಕಳ್ಳ. ಎಣಿಕೆ ಸೊನ್ನೆಗೆ ಬಿದ್ದ ಮೇಲೆ ಜಿಫೀಸ್ ಚಿಕ್ಕದು, ನೆಕ್ಸ್ಟ್_ಪೋಲ್ ಇನ್ನೂ 429 ಕೋಟಿ ಹತ್ತಿರವೇ. "ಇನ್ನೂ ಹೊತ್ತಾಗಿಲ್ಲ" ಎಂದುಕೊಂಡು 497 ದಿನ ಹಳೇ ತೂಕವನ್ನೇ ಕೊಡುತ್ತಾ ಕೂರುತ್ತದೆ.

ಮೀಟರ್ ಕಾಕಾ:
ಇದು ನಮ್ಮ ಕರೆಂಟ್ ಮೀಟರ್ ಲೆಕ್ಕ ಅಲ್ಲವೇನ್ರೀ! ಜಮಖಂಡಿಯಲ್ಲಿ ಎಷ್ಟೋ ವರ್ಷ ಮೀಟರ್ ಓದಿದವನು ನಾನು. ಹಳೇ ಚಕ್ರದ ಮೀಟರ್‌ಗೆ ಐದೇ ಅಂಕಿ. 99999 ಆದ ಮೇಲೆ 00000. ಹೋದ ತಿಂಗಳು 99980 ಇತ್ತು, ಈ ತಿಂಗಳು 00030. ಹೊಸ ಹುಡುಗರು ಬಂದು "ಕಾಕಾ, ಮೀಟರ್ ಹಿಂದಕ್ಕೆ ಓಡಿದೆ, ಕಳವು ಮಾಡಿದ್ದಾರೆ" ಎನ್ನುತ್ತಿದ್ದರು. ಕಳವೂ ಇಲ್ಲ, ಗಿಳವೂ ಇಲ್ಲ. ಕಳೆದು ನೋಡಿದರೆ 50 ಯೂನಿಟ್. ಯಾವುದು ದೊಡ್ಡದು ಅಂತ ನೋಡಬಾರದು, ಎಷ್ಟು ಮುಂದೆ ಹೋಗಿದೆ ಅಂತ ನೋಡಬೇಕು.

ಟಿಳಕವಾಡಿ ಟರ್ಮಿನಲ್:
ಕಾಕಾ, ನಿಮ್ಮನ್ನು ಕಾಲೇಜಿಗೆ ಕರೆಸಿ ಪಾಠ ಮಾಡಿಸಬೇಕು. ಕರ್ನಲ್‌ನಲ್ಲಿ ಟೈಮ್_ಬಿಫೋರ್, ಟೈಮ್_ಆಫ್ಟರ್ ಎಂಬ ಮ್ಯಾಕ್ರೊ (ಸಿದ್ಧ ಕೋಡ್ ತುಣುಕು) ಇರುವುದು ಇದಕ್ಕೇ. ಒಂದರಿಂದ ಇನ್ನೊಂದನ್ನು ಕಳೆದು, ಬಂದ ಉತ್ತರ ಋಣವೋ ಧನವೋ ನೋಡುತ್ತವೆ. ಅಷ್ಟೇ. ಇಫ್ ಒಳಗೆ ಟೈಮ್_ಬಿಫೋರ್(ಜಿಫೀಸ್, ನೆಕ್ಸ್ಟ್_ಪೋಲ್) ಎಂದು ಹಾಕಿ. ನೆಕ್ಸ್ಟ್_ಪೋಲ್‌ನ ಟೈಪ್ ಜಿಫೀಸ್‌ನ ಹಾಗೆ ಅನ್‌ಸೈನ್ಡ್ ಲಾಂಗ್ (ಋಣ ಬೆಲೆ ಇಲ್ಲದ ಅಂಕಿ) ಇದೆಯಾ ಅದನ್ನೂ ನೋಡಿ. ಬೇರೆ ಏನಾದರೂ ಇದ್ದರೆ ಕಂಪೈಲರ್ ಕಿರುಚುತ್ತದೆ.

ಬಾದಾಮಿ ಬೈಟ್:
ಇಷ್ಟೆಲ್ಲ ಯಾಕೆ ಬೇಕು? ಬೂಟ್ ಆಗಿ ಆರು ನಿಮಿಷ ಆದ ಮೇಲೆ ಮಾಡ್ಯೂಲ್ ಹಾಕುವ ಹಾಗೆ ಒಂದು ಸ್ಕ್ರಿಪ್ಟ್ ಬರೆ. ಸ್ಲೀಪ್ 360, ಮುಂದಿನ ಸಾಲಿನಲ್ಲಿ ಮಾಡ್‌ಪ್ರೋಬ್. ಆಮೇಲೆ 497 ದಿನ ಚಿಂತೆಯಿಲ್ಲ. ನಿಮ್ಮ ಕಬ್ಬಿನ ಹಂಗಾಮು ಐದು ತಿಂಗಳು ನಡೆದರೆ ಹೆಚ್ಚು. ಕರ್ನಲ್ ಕಂಪೈಲ್ ಮಾಡಲು ಹೋಗಿ ಇರುವ ಬೋರ್ಡೂ ಸತ್ತರೆ ಸಾವ್ಕಾರ್ರಿಗೆ ಯಾರು ಹೇಳುತ್ತಾರೆ?

ರೊಟ್ಟಿ 404:
ಬಾದಾಮಿ ಅಣ್ಣ ಹೇಳಿದ್ದು ತಪ್ಪು ಅನ್ನಿಸಿದರೂ ಲೆಕ್ಕ ಸರಿ ಇದೆ. ಬೇಜಾರಾಗುತ್ತಿದೆ.

ಇಳಕಲ್ ಅಕ್ಕ:
ಲೆಕ್ಕ ಸರಿ, ಕೆಲಸ ಸರಿಯಿಲ್ಲ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋದರೆ ನಾಲ್ಕು ಸಲ ಆರಾರು ನಿಮಿಷ ಟ್ರ್ಯಾಕ್ಟರ್ ನಿಲ್ಲಬೇಕು. ಇನ್ನೊಂದು ಊರಲ್ಲಿ ಇದೇ ಡಬ್ಬಿ ಇಟ್ಟುಕೊಂಡವನಿಗೆ ನಿನ್ನ ಸ್ಲೀಪ್ 360 ಎಲ್ಲಿಂದ ಗೊತ್ತಾಗಬೇಕು?

ಬಾದಾಮಿ ಬೈಟ್:
ಅಕ್ಕಾ, ಊರವರ ಚಿಂತೆ ನಮಗೇಕೆ? ಅವನಿಗೆ ಬೇಕಾಗಿದ್ದು ತೂಕ.

ಇಳಕಲ್ ಅಕ್ಕ:
ಲಿನಕ್ಸ್ ಅವನಿಗೆ ಬಿಟ್ಟಿ ಸಿಕ್ಕಿದ್ದು ಊರವರ ಚಿಂತೆ ಮಾಡಿದವರಿಂದಲೇ.

ಕುಂದಾ ಕಂಪೈಲರ್:
ಇದನ್ನೆಲ್ಲ ರಸ್ಟ್ ಭಾಷೆಯಲ್ಲಿ ಬರೆದಿದ್ದರೆ ಈ ಪಾಡು ಇರುತ್ತಿರಲಿಲ್ಲ. 2022ರ ಕೊನೆಗೆ ಬಂದ 6.1 ಕರ್ನಲ್‌ನಿಂದಲೇ ರಸ್ಟ್ ಒಳಗಿದೆ.

ಟಿಳಕವಾಡಿ ಟರ್ಮಿನಲ್:
ತಮ್ಮಾ, ರಸ್ಟ್‌ನಲ್ಲೂ ಎರಡು ಅಂಕಿಯ ನಡುವೆ ಕಿರಿದು ಚಿಹ್ನೆ ಹಾಕಿದರೆ ಅದು ಹಾಗೇ ಹೋಲಿಸುತ್ತದೆ. ಇದು ರಸ್ಟ್ ತಡೆಯುವಂಥ ಮೆಮೊರಿ ತಪ್ಪಲ್ಲ, ಯೋಚನೆಯ ತಪ್ಪು. ಸಮಯಕ್ಕೇ ಬೇರೆ ಟೈಪ್ ಮಾಡಿಟ್ಟರೆ ಮಾತ್ರ ತಪ್ಪುತ್ತದೆ.

ದೊಡ್ಡ ದೊಡ್ಡವರೂ ಬಿದ್ದಿದ್ದಾರೆ. ವಿಂಡೋಸ್ 95ರಲ್ಲಿ ಮಿಲಿಸೆಕೆಂಡ್ ಎಣಿಕೆ 49.7 ದಿನಕ್ಕೆ ತುಂಬಿ ಯಂತ್ರ ನಿಂತುಬಿಡುತ್ತಿತ್ತು. ಬೋಯಿಂಗ್ 787 ವಿಮಾನವನ್ನು 248 ದಿನ ಬಿಡದೆ ಆನ್ ಇಟ್ಟರೆ ಜನರೇಟರ್ ನಿಯಂತ್ರಕಗಳು ಒಟ್ಟಿಗೇ ಬಂದ್ ಆಗಬಹುದು ಎಂದು 2015ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಆದೇಶವನ್ನೇ ಹೊರಡಿಸಿತ್ತು. ಆಗ ಅವರು ಕೊಟ್ಟ ಪರಿಹಾರವೂ ಬಾದಾಮಿಯವರ ಜಾತಿಯದೇ: ಆಗಾಗ ಆಫ್ ಮಾಡಿ ಆನ್ ಮಾಡಿ.

ಬಾದಾಮಿ ಬೈಟ್:
ನೋಡಿದ್ರಾ! ಬೋಯಿಂಗ್‌ನವರೂ ನನ್ನ ಕಡೆ.

ರೊಟ್ಟಿ 404:
ಹನ್ನೊಂದರಲ್ಲಿ ಒಂದು ಸಲ ಯಾಕೆ ನಿಲ್ಲಲಿಲ್ಲ ಎಂದು ಯಾರೂ ಹೇಳಲಿಲ್ಲ. ಕ್ಲಾಸಿನಲ್ಲಿ ಕೂತು ನೋಟ್‌ಬುಕ್ಕಿನ ಹಿಂದೆ ಲೆಕ್ಕ ಹಾಕಿದೆ. ಪ್ರೋಗ್ರಾಮ್ ಸೆಕೆಂಡಿಗೊಮ್ಮೆ ಓದುತ್ತದೆ, ಅಂದರೆ 100 ಟಿಕ್‌ಗೊಮ್ಮೆ. ನೆಕ್ಸ್ಟ್_ಪೋಲ್ ಬರೀ 10 ಟಿಕ್ ಮುಂದೆ. ಸೊನ್ನೆಗೆ ಬೀಳುವ ಮುಂಚಿನ ಕೊನೇ ಓದು ಕೊನೆಯ 10 ಟಿಕ್ ಒಳಗೆ ಬಿದ್ದರೆ, 10 ಕೂಡಿಸಿದಾಗ ನೆಕ್ಸ್ಟ್_ಪೋಲ್ ಕೂಡ ಸೊನ್ನೆ ದಾಟಿ ಚಿಕ್ಕದಾಗುತ್ತದೆ. ಆಗ ಬಚಾವ್. ಉಳಿದ 90 ಟಿಕ್‌ನಲ್ಲಿ ಬಿದ್ದರೆ ಸಿಕ್ಕಿಹಾಕಿಕೊಳ್ಳುತ್ತದೆ. ಅಂದರೆ ಹತ್ತಕ್ಕೆ ಒಂದು ಸಲ ಬಚಾವ್. ಅಣ್ಣ ಹನ್ನೊಂದಕ್ಕೆ ಒಂದು ನೋಡಿದ್ದಾನೆ.

ಟಿಳಕವಾಡಿ ಟರ್ಮಿನಲ್:
ಶಭಾಷ್. ನಿನಗೆ ಒಂದು ಡಬ್ಬಿ ಕುಂದಾ ನನ್ನ ಕಡೆಯಿಂದ.

ಮೀಟರ್ ಕಾಕಾ:
ಕುಂದಾ ಆಮೇಲೆ. ಗೋಕಾಕದ ಕರದಂಟು ಕೊಡಿಸಿ ಹುಡುಗನಿಗೆ, ಬುದ್ಧಿ ಇನ್ನೂ ಗಟ್ಟಿಯಾಗುತ್ತದೆ.

ಇಳಕಲ್ ಅಕ್ಕ:
ಕರದಂಟು ಅಂದರೆ ಅಮೀನಗಡದ್ದು ಕಾಕಾ. ಇದರಲ್ಲಿ ಚರ್ಚೆಯೇ ಇಲ್ಲ.

ಕುಂದಾ ಕಂಪೈಲರ್:
ಅಯ್ಯೋ, ಶುರುವಾಯಿತು. ಕರ್ನಲ್ ಬಗ್ ಇವತ್ತು ಸರಿಹೋಗಬಹುದು, ಗೋಕಾಕ-ಅಮೀನಗಡ ಜಗಳ ಸರಿಹೋಗಲ್ಲ.

ಕಾಟಾ ಹುಡುಗ:
ಎಲ್ಲರೂ ನಗಬೇಡಿ. ರಾತ್ರಿ ಕೂತು ಒಂದು ಸಾಲು ಬದಲಾಯಿಸಿದೆ. ಮೊದಲ ಸಲ ಮಾಡ್ಯೂಲ್ ಹೋಗಲೇ ಇಲ್ಲ, ಕರ್ನಲ್ ಆವೃತ್ತಿಗೆ ತಾಳೆ ಇಲ್ಲ ಎಂದಿತು. ಬೋರ್ಡಿನದೇ ಕಾನ್ಫಿಗ್ ಫೈಲ್ ತಂದು ಮತ್ತೆ ಬಿಲ್ಡ್ ಮಾಡಿದೆ. ಹಾಕಿದೆ. ರೀಬೂಟ್.

ಈಗ ಉಲ್ಟಾ ಆಗಿದೆ. ಮೊದಲ ಐದು ನಿಮಿಷ ತೂಕವೇ ಬರಲ್ಲ, ಪರದೆಯಲ್ಲಿ ಸೊನ್ನೆ. 300 ಸೆಕೆಂಡ್ ಆದ ತಕ್ಷಣ ಸರಿಹೋಗುತ್ತದೆ, ಆಮೇಲೆ ದಿನವಿಡೀ ಚೆನ್ನಾಗಿದೆ. ಏನಿದು, ದೆವ್ವಾನಾ?

ಬಾದಾಮಿ ಬೈಟ್:
ಸ್ಲೀಪ್ 360. ಇಷ್ಟೇ ನನ್ನ ಮಾತು.

ಟಿಳಕವಾಡಿ ಟರ್ಮಿನಲ್:
ಇದು ನನಗೂ ಹೊಳೆಯಲಿಲ್ಲ. ಮ್ಯಾಕ್ರೊ ಉಲ್ಟಾ ಬರೆದಿಲ್ಲ ತಾನೇ?

ಇಳಕಲ್ ಅಕ್ಕ:
ಮ್ಯಾಕ್ರೊ ಸರಿ ಇದೆ. ನೆಕ್ಸ್ಟ್_ಪೋಲ್‌ಗೆ ಮೊದಲ ಬೆಲೆ ಯಾರು ಕೊಟ್ಟರು? ಡಬ್ಬಿ ಹಾಕಿದಾಗ ಓಡುವ ಪ್ರೋಬ್ ಫಂಕ್ಷನ್ ನೋಡು. ಮೆಮೊರಿಯನ್ನು ಕೆಝಡ್‌ಅಲಾಕ್‌ನಿಂದ ತೆಗೆದುಕೊಂಡಿರುತ್ತಾರೆ. ಅದು ಎಲ್ಲವನ್ನೂ ಸೊನ್ನೆ ಮಾಡಿ ಕೊಡುತ್ತದೆ. ಹಾಗಾಗಿ ನೆಕ್ಸ್ಟ್_ಪೋಲ್ ಸೊನ್ನೆ.

ಹಳೇ ಕೋಡಿಗೆ ಸೊನ್ನೆ ಅಂದರೆ ಎಲ್ಲಕ್ಕಿಂತ ಚಿಕ್ಕದು, ಅಂದರೆ "ಯಾವಾಗಲೋ ಆಗಿಹೋಗಿದೆ, ಓದು". ಹೊಸ ಕೋಡ್ ಕಾಕಾನ ಹಾಗೆ ಕಳೆದು ನೋಡುತ್ತದೆ. ಈಗಿನ ಎಣಿಕೆ ಸೊನ್ನೆಗೆ 300 ಸೆಕೆಂಡ್ ಹಿಂದಿದೆ. ಹಾಗಾದರೆ ಸೊನ್ನೆ ಎಂಬುದು ಇನ್ನು ಐದು ನಿಮಿಷದ ನಂತರದ ಹೊತ್ತು! ಅದು "ಇನ್ನೂ ಹೊತ್ತಾಗಿಲ್ಲ" ಎಂದು ಸರಿಯಾಗಿಯೇ ಹೇಳುತ್ತಿದೆ.

ಪ್ರೋಬ್ ಒಳಗೆ ಇನ್ನೊಂದು ಸಾಲು ಸೇರಿಸು: ನೆಕ್ಸ್ಟ್_ಪೋಲ್ = ಜಿಫೀಸ್; ಸಾಕು.

ಟಿಳಕವಾಡಿ ಟರ್ಮಿನಲ್:
ಅಮೀನಗಡದ ಕರದಂಟೇ ಶ್ರೇಷ್ಠ. ಒಪ್ಪಿದೆ.

ಮೀಟರ್ ಕಾಕಾ:
ಇದು ಅನ್ಯಾಯ!

ಕಾಟಾ ಹುಡುಗ:
ಓಡಿತು!! ಇಪ್ಪತ್ತು ಸಲ ರೀಬೂಟ್ ಮಾಡಿದೆ, ಇಪ್ಪತ್ತು ಸಲವೂ ಸರಿ. ಬೂಟ್ ಆದ ತಕ್ಷಣ ತೂಕ ಬರುತ್ತದೆ, 300 ಸೆಕೆಂಡ್ ದಾಟಿದರೂ ಬರುತ್ತದೆ. ಕಾಟಾದ ಮೇಲೆ ನಾನೇ ಹತ್ತಿ ನಿಂತೆ. 60 ಕೆಜಿ ತೋರಿಸಿತು. ಮನೆಯ ತಕ್ಕಡಿಯಲ್ಲಿ 63. ಅದು ಬಗ್ ಅಲ್ಲ, ಇದು 20 ಕೆಜಿ ಲೆಕ್ಕದ ಕಾಟಾ, ಗೊತ್ತು.

ಈಗ ಇದನ್ನು ಕರ್ನಲ್‌ನವರಿಗೆ ಕಳಿಸಬೇಕಾ? ಇಂಗ್ಲಿಷ್ ನನ್ನದು ಅಷ್ಟಕ್ಕಷ್ಟೇ. ಎರಡು ಸಾಲಿಗೆ ನಗುತ್ತಾರೇನೋ.

ಇಳಕಲ್ ಅಕ್ಕ:
ಕಳಿಸು. ಎರಡು ಸಾಲಿನ ಪ್ಯಾಚ್ (ಕೋಡ್ ತಿದ್ದುಪಡಿ) ಅಲ್ಲಿ ದಿನಾ ಬರುತ್ತವೆ. ಬೇಕಾದದ್ದು ಕಾರಣ. ಯಾವ ಯಂತ್ರ, ಎಷ್ಟು ಸೆಕೆಂಡಿಗೆ, ಯಾಕೆ ನಿಲ್ಲುತ್ತದೆ, ಪ್ರೋಬ್‌ನಲ್ಲಿ ಎರಡನೇ ಸಾಲು ಯಾಕೆ. ಐದಾರು ಸರಳ ವಾಕ್ಯ ಸಾಕು. ಎರಡನೇ ಸಾಲಿನ ಕಾರಣ ಬರೆಯದೇ ಇದ್ದರೆ ನಾಳೆ ಯಾರೋ "ಇದು ಬೇಡ" ಎಂದು ತೆಗೆಯುತ್ತಾರೆ.

ಟಿಳಕವಾಡಿ ಟರ್ಮಿನಲ್:
ನಾನು ಮೊದಲ ಸಲ ಕಳಿಸಿದಾಗ ಮಾಡಿದ ತಪ್ಪುಗಳನ್ನು ಹೇಳುತ್ತೇನೆ, ನೀವು ಮಾಡಬೇಡಿ. ಬ್ರೌಸರ್‌ನಲ್ಲಿ ಮೇಲ್ ಬರೆದು ಪ್ಯಾಚ್ ಅಂಟಿಸಿದ್ದೆ. ಟ್ಯಾಬ್‌ಗಳೆಲ್ಲ ಸ್ಪೇಸ್ ಆಗಿ, ಪ್ಯಾಚ್ ಯಾರ ಯಂತ್ರದಲ್ಲೂ ಹತ್ತಲಿಲ್ಲ. ಎಚ್‌ಟಿಎಂಎಲ್ ಮೇಲ್ ಆದರೆ ಮೇಲಿಂಗ್ ಲಿಸ್ಟ್ ಬಾಗಿಲಲ್ಲೇ ಎಸೆಯುತ್ತದೆ. ಕೋಡಿನ ಚರಿತ್ರೆ ಇಡುವ ಗಿಟ್ ಇದೆಯಲ್ಲ, ಅದರ ಗಿಟ್ ಸೆಂಡ್-ಇಮೇಲ್ ಬಳಸಿ. ಕಳಿಸುವ ಮುಂಚೆ ಪ್ಯಾಚ್‌ನ ತಪ್ಪು ಹಿಡಿಯುವ ಚೆಕ್‌ಪ್ಯಾಚ್ ಓಡಿಸಿ. ಯಾರಿಗೆ ಕಳಿಸಬೇಕು ಎಂದು ಗೆಟ್_ಮೇಂಟೇನರ್ ಸ್ಕ್ರಿಪ್ಟ್ ಹೇಳುತ್ತದೆ.

ಕೊನೆಗೆ ಸೈನ್ಡ್-ಆಫ್-ಬೈ ಸಾಲು ಬೇಕೇ ಬೇಕು, ನಿಮ್ಮ ಸ್ವಂತ ಹೆಸರಿನಲ್ಲಿ. ಈ ಕೋಡ್ ಕೊಡುವ ಹಕ್ಕು ನನಗಿದೆ ಎಂಬ ರುಜು ಅದು. 2004ರಲ್ಲಿ ಬಂದ ಪದ್ಧತಿ. "ಕಾಟಾ ಹುಡುಗ" ಎಂದು ಬರೆಯಬೇಡಿ.

ಕಾಟಾ ಹುಡುಗ:
ಫಿಕ್ಸಸ್ ಅಂತ ಇನ್ನೊಂದು ಸಾಲು ಹಾಕಬೇಕಂತೆ, ತಪ್ಪು ಯಾವ ಕಮಿಟ್‌ನಿಂದ (ಗಿಟ್‌ನಲ್ಲಿ ದಾಖಲಾದ ಬದಲಾವಣೆ) ಬಂತು ಎಂದು. ಯಾವ ಸಾಲು ಯಾರದು ಎಂದು ತೋರಿಸುವ ಗಿಟ್ ಬ್ಲೇಮ್ ಹಾಕಿದೆ. ಅದು 2.6.12-ಆರ್‌ಸಿ2 ಎಂಬ ಕರ್ನಲ್ ಆವೃತ್ತಿ ತೋರಿಸಿ ಅಲ್ಲೇ ನಿಂತಿತು. ಲೇಖಕರ ಹೆಸರಿನ ಜಾಗದಲ್ಲಿ ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೋರ್ವಾಲ್ಡ್ಸ್ ಅಂತಿದೆ! ಅವರೇ ಈ ತಪ್ಪು ಮಾಡಿದ್ದಾ?

ಇಳಕಲ್ ಅಕ್ಕ:
ಇಲ್ಲಪ್ಪಾ. 2005ರ ಏಪ್ರಿಲ್‌ನಲ್ಲಿ ಅವರು ಕರ್ನಲ್ ಕೋಡನ್ನೆಲ್ಲ ಗಿಟ್‌ಗೆ ತಂದು ಹಾಕಿದ ಮೊದಲ ಕಮಿಟ್ ಅದು. ಅದಕ್ಕಿಂತ ಹಿಂದಿನ ಚರಿತ್ರೆ ಆ ಗಿಟ್‌ನಲ್ಲಿ ಇಲ್ಲ. ಹಳೇ ಕೋಡ್ ಯಾರೇ ಬರೆದಿರಲಿ, ಬ್ಲೇಮ್ ಹೋಗಿ ಅವರ ತಲೆಯ ಮೇಲೆ ಕೂರುತ್ತದೆ. ಅದನ್ನೇ ಹಾಕು, ಎಲ್ಲರೂ ಹಾಗೇ ಮಾಡುತ್ತಾರೆ. ಸ್ಟೇಬಲ್ ಲಿಸ್ಟ್‌ಗೂ ಸಿಸಿ ಸಾಲು ಸೇರಿಸು, ಹಳೇ ಕರ್ನಲ್‌ಗಳಿಗೂ ಹೋಗಲಿ.

ದ್ರಾಕ್ಷಿ ಮಾವ:
2005ರಲ್ಲಿ ನಾನು ಪಿಯುಸಿ ಫೇಲ್ ಆಗಿ ತೋಟಕ್ಕೆ ಬಂದಿದ್ದೆ. ಅವತ್ತಿನಿಂದ ಆ ತಪ್ಪು ಹಾಗೇ ಕೂತಿತ್ತಾ? ಮತ್ತೆ ಇಷ್ಟು ವರ್ಷ ಯಾರಿಗೂ ಕಾಣಲಿಲ್ಲವೇ?

ಟಿಳಕವಾಡಿ ಟರ್ಮಿನಲ್:
ಈ ಡಬ್ಬಿ ಇದ್ದವರೇ ಕಡಿಮೆ ಇರಬೇಕು. ಇದ್ದವರ ಪಿಸಿ 64 ಬಿಟ್ ಆಯಿತು. ಉಳಿದವರು ನಿಮ್ಮ ಹಾಗೆ ಅಡಾಪ್ಟರ್ ಬದಲಾಯಿಸಿದರು.

ದ್ರಾಕ್ಷಿ ಮಾವ:
ಸರಿ ಸರಿ, ಅರ್ಥ ಆಯಿತು.

ಕಾಟಾ ಹುಡುಗ:
ಹತ್ತು ದಿನ ಆಯಿತು, ಯಾರೂ ಉತ್ತರ ಕೊಟ್ಟಿಲ್ಲ. ತಪ್ಪಾಯಿತೇನೋ.

ಇಳಕಲ್ ಅಕ್ಕ:
ಈಗ ಮರ್ಜ್ ವಿಂಡೋ ನಡೆದಿದೆ. ಹೊಸ ಆವೃತ್ತಿಗೆ ಕೋಡ್ ಸೇರಿಸುವ ಎರಡು ವಾರ. ಆ ಹೊತ್ತಿನಲ್ಲಿ ಮೇಂಟೇನರ್‌ಗಳು (ಕೋಡಿನ ಒಂದೊಂದು ಭಾಗ ನೋಡಿಕೊಳ್ಳುವವರು) ಚಿಕ್ಕಪುಟ್ಟದ್ದನ್ನು ಮುಟ್ಟುವುದು ಕಡಿಮೆ. ಹೊಸ ಆವೃತ್ತಿಯ ಮೊದಲ ಪರೀಕ್ಷಾ ರೂಪ ಆರ್‌ಸಿ1 ಬರಲಿ. ಆಮೇಲೂ ಸುಮ್ಮನಿದ್ದರೆ ವಿನಯದಿಂದ ಒಂದು ನೆನಪೋಲೆ ಹಾಕು. ದಿನಾ ಕೇಳಬೇಡ.

ಬಾದಾಮಿ ಬೈಟ್:
ಹತ್ತು ದಿನ! ನನ್ನ ಸ್ಕ್ರಿಪ್ಟ್ ಹತ್ತು ಸೆಕೆಂಡ್.

ಕಾಟಾ ಹುಡುಗ:
ಉತ್ತರ ಬಂತು. ಮೇಂಟೇನರ್ ಒಂದೇ ಪ್ರಶ್ನೆ ಕೇಳಿದ್ದಾರೆ: ವಿವರಣೆಯಲ್ಲಿ ಎಚ್‌ಝಡ್ ಎಷ್ಟು ಇತ್ತು ಎಂದು ಬರೆದಿಲ್ಲ, ಸೇರಿಸಿ ವಿ2 (ಪ್ಯಾಚ್‌ನ ಎರಡನೇ ಆವೃತ್ತಿ) ಕಳಿಸಿ ಎಂದು. ಬೈದಿಲ್ಲ. ಸೇರಿಸಿ ಕಳಿಸಿದೆ, ಏನು ಬದಲಾಯಿತು ಎಂದು ಮೂರು ಅಡ್ಡಗೆರೆಯ ಕೆಳಗೆ ಬರೆದೆ. ಮರುದಿನ ಬೆಳಿಗ್ಗೆ "ಅಪ್ಲೈಡ್, ಥ್ಯಾಂಕ್ಸ್" ಅಂತ ಎರಡೇ ಪದ. ಅವ್ವನಿಗೆ ತೋರಿಸಿದೆ. "ರೊಕ್ಕ ಎಷ್ಟು ಕೊಡ್ತಾರ?" ಅಂದಳು.

ರೊಟ್ಟಿ 404:
ಅಣ್ಣಾ, ಪಾರ್ಟಿ! ರೆಸ್ಯೂಮೆಗೆ ಹಾಕಿಕೊಳ್ಳಲು ನನ್ನ ಹೆಸರೂ ಸೇರಿಸಬೇಕಿತ್ತು, ಹತ್ತಕ್ಕೆ ಒಂದು ಲೆಕ್ಕ ನನ್ನದು.

ಕಾಟಾ ಹುಡುಗ:
ಸೇರಿಸೋಣ ಎಂದು ನಿನ್ನ ನಿಜವಾದ ಹೆಸರು ಕೇಳಿ ಮೆಸೇಜ್ ಹಾಕಿದ್ದೆ. ನೀನು ನೋಡಲೇ ಇಲ್ಲ.

ರೊಟ್ಟಿ 404:
ಇಂಟರ್ನಲ್ಸ್ ಇತ್ತು. ಓಎಸ್ ಪೇಪರ್.

ಮೀಟರ್ ಕಾಕಾ:
ಸಾವ್ಕಾರ್ರು ಏನಂದರು?

ಕಾಟಾ ಹುಡುಗ:
ಅವರಿಗೆ ಎಲ್ಲ ವಿವರಿಸಿದೆ ಕಾಕಾ. ತಲೆ ಆಡಿಸಿದರು. ನಡುವೆ ಒಂದು ವಾರ ಬಾದಾಮಿ ಅಣ್ಣನ ಸ್ಲೀಪ್ 360 ಹಾಕಿದ್ದೆ, ಆಗ ಆರು ನಿಮಿಷ ಕಾಯಬೇಕಿತ್ತಲ್ಲ. ಈಗ ಕರೆಂಟ್ ಬಂದ ಮರುಕ್ಷಣ ತೂಕ ಬರುತ್ತದೆ. ಆದರೂ ಸಾವ್ಕಾರ್ರು ಕರೆಂಟ್ ಬಂತು ಅಂದ ಕೂಡಲೇ ಎದ್ದು ಎದುರಿನ ಅಂಗಡಿಗೆ ಚಹಾ ಕುಡಿಯಲು ಹೋಗುತ್ತಾರೆ. ಡ್ರೈವರ್‌ಗಳನ್ನೂ ಕರೆದುಕೊಂಡು.